ಗೃಹಸ್ಥನೊಬ್ಬ ಸಂತನಾದ ಬಗೆ



ಜನವರಿ 14 ಎಂದರೆ ನಮಗೆ ಸಂಕ್ರಮಣ. ಬೀದರ, ಭಾಲ್ಕಿ, ಔರಾದ ಸೀಮೆಯ ಮನೆಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಯುವ ದಿನ. ಅದೇ ದಿನ ದೇಶದ ದಕ್ಷಿಣದ ತುದಿಯಲ್ಲಿ, ಕನ್ಯಾಕುಮಾರಿ ಜಿಲ್ಲೆಯ ಆರಲ್ವಾಯ್‌ಮೊಳಿ ಎಂಬ ಊರಿನ ಗುಡ್ಡಕ್ಕೆ ಜನ ಸಾಲುಗಟ್ಟಿ ಹೋಗುತ್ತಾರೆ. 1752ರ ಜನವರಿ 14ರಂದು ಆ ಗುಡ್ಡದ ಮೇಲೆ ಒಬ್ಬ ಗೃಹಸ್ಥರನ್ನು ಗುಂಡಿಟ್ಟು ಕೊಂದರು. ಅವರ ಹೆಸರು ದೇವಸಹಾಯಂ. 2022ರ ಮೇ 15ರಂದು ರೋಮಿನ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಪಾದ್ರಿಯಲ್ಲದ, ಸನ್ಯಾಸಿಯಲ್ಲದ, ಹೆಂಡತಿ, ಮನೆ, ಸರಕಾರಿ ನೌಕರಿ ಎಲ್ಲ ಇದ್ದ ಭಾರತೀಯರೊಬ್ಬರಿಗೆ ಕಥೋಲಿಕ ಧರ್ಮಸಭೆ ಆ ಪದವಿ ಕೊಟ್ಟದ್ದು ಅದೇ ಮೊದಲು.

ಅವರ ಪಾದ ನಮ್ಮ ಜಿಲ್ಲೆಯ ನೆಲ ಮುಟ್ಟಲಿಲ್ಲ. ಆದರೂ ಇವತ್ತಿನ ಮಾತಿಗೆ ಅವರನ್ನೇ ಆರಿಸಿಕೊಂಡಿದ್ದೇನೆ, ಏಕೆಂದರೆ ಅವರ ಕಥೆಯನ್ನು ಬೇರೆ ಯಾರಿಗಿಂತ ಬೇಗ ಬೀದರ ಜಿಲ್ಲೆಯವರು ಅರಿತುಕೊಳ್ಳಬಲ್ಲರು. ನಂಬಿದ್ದಕ್ಕಾಗಿ ಜೀವ ಕೊಟ್ಟ ಸಂಸಾರಿಗಳ ನೆನಪು ನಮ್ಮ ಮಣ್ಣಿನಲ್ಲಿ ಇದೆ. ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿ ಇದೆ. ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸ ತಮ್ಮ ಮಕ್ಕಳಿಗೆ ಮದುವೆ ಮಾಡಿಸಿದ್ದಕ್ಕೆ ಕಲ್ಯಾಣದ ಅರಸ ಬಿಜ್ಜಳನ ಆಳ್ವಿಕೆಯಲ್ಲಿ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ ಅನುಭವಿಸಿ ಪ್ರಾಣ ಬಿಟ್ಟರೆಂದು ಶರಣ ಪರಂಪರೆ ಹೇಳುತ್ತದೆ. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನವರು, ಕ್ಷೌರಿಕರ ಮನೆತನದ ಸಾಹಿಬ್ ಸಿಂಗ್. ಮುಂದೆ ಚಮಕೌರಿನ ಕಾಳಗದಲ್ಲಿ ಅವರು ಮಡಿದರು. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಪಂಜಾಬಿನಿಂದ ಬರುವ ಯಾತ್ರಿಕರು ಅವರ ಹೆಸರು ಹೇಳಿ ನಮಸ್ಕರಿಸುತ್ತಾರೆ. ಚರ್ಮದ ಕೆಲಸದವರು, ಕತ್ತರಿ ಹಿಡಿದವರು. ಇವರಲ್ಲಿ ಯಾರೂ ಮಠಾಧೀಶರಲ್ಲ, ಪೀಠದ ಮೇಲೆ ಕೂತವರಲ್ಲ. ದೇವಸಹಾಯಂ ಈ ಸಾಲಿಗೆ ಸೇರುವವರು.

ಅವರು ಹುಟ್ಟಿದ್ದು 1712ರ ಏಪ್ರಿಲ್ 23ರಂದು, ನಟ್ಟಾಲಂ ಎಂಬ ಹಳ್ಳಿಯಲ್ಲಿ. ಆಗ ಅದು ತಿರುವಾಂಕೂರು ರಾಜ್ಯದಲ್ಲಿತ್ತು. ಈಗ ತಮಿಳುನಾಡಿನಲ್ಲಿದೆ. ಇಲ್ಲಿ ಒಂದು ಮಾತು: ತಿರುವಾಂಕೂರಿನ ದಕ್ಷಿಣದ ತಾಲೂಕುಗಳು ಆಗಿನ ಮದ್ರಾಸ್ ರಾಜ್ಯಕ್ಕೆ ಸೇರಿ ಕನ್ಯಾಕುಮಾರಿ ಜಿಲ್ಲೆಯಾದದ್ದು 1956ರ ನವೆಂಬರ್ 1ರಂದು. ನಮ್ಮ ಬೀದರ ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ದಿನ. ಎರಡೂ ಗಡಿನಾಡುಗಳೇ. ಅಲ್ಲಿ ತಮಿಳು ಮಲಯಾಳಗಳು ಕಲೆತರೆ, ಇಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತವೆ.

ಹುಟ್ಟಿದಾಗ ಇಟ್ಟ ಹೆಸರು ನೀಲಕಂಠನ್. ತಂದೆ ವಾಸುದೇವನ್ ನಂಬೂದಿರಿ, ತಾಯಿ ದೇವಕಿಯಮ್ಮ ನಾಯರ್ ಮನೆತನದವರು. ಅಳಿಯಸಂತಾನದ ಪದ್ಧತಿಯಂತೆ ಮಗು ತಾಯಿಯ ಮನೆಯಲ್ಲಿ, ಸೋದರಮಾವನ ಆಸರೆಯಲ್ಲಿ ಬೆಳೆಯಿತು. ಓದು ಬರಹದ ಜೊತೆಗೆ ಆಯುಧವಿದ್ಯೆಯನ್ನೂ ಕಲಿತ ನೀಲಕಂಠನ್ ದೊಡ್ಡವರಾದ ಮೇಲೆ ಪದ್ಮನಾಭಪುರಂ ಅರಮನೆಯ ಸೇವೆಗೆ ಸೇರಿದರು. ಆಗಿನ ದೊರೆ ಮಾರ್ತಾಂಡವರ್ಮ. 1729ರಲ್ಲಿ ಪಟ್ಟಕ್ಕೆ ಬಂದ ಆತ ಸುತ್ತಲಿನ ಪಾಳೆಯಗಾರರನ್ನೆಲ್ಲ ಮುರಿದು ತಿರುವಾಂಕೂರನ್ನು ದೊಡ್ಡ ರಾಜ್ಯವಾಗಿ ಕಟ್ಟಿದವನು. ನೀಲಕಂಠನ್ ಅವರು ಮೇಕೋಡಿನ ಭಾರ್ಗವಿ ಎಂಬಾಕೆಯನ್ನು ಮದುವೆಯಾದರು. ಅರಮನೆಯ ಸಂಬಳ, ಊರಿನಲ್ಲಿ ಮರ್ಯಾದೆ, ಹೊಲ ದನ ಎಲ್ಲ ಇತ್ತು.

ಅವರ ಬಾಳಿನಲ್ಲಿ ತಿರುವು ತಂದವನು ಯುದ್ಧದಲ್ಲಿ ಸೋತುಬಂದ ಪರದೇಶಿ. 1741ರ ಆಗಸ್ಟ್ 10ರಂದು ಕೊಳಚಲ್ ಕಡಲತೀರದಲ್ಲಿ ಮಾರ್ತಾಂಡವರ್ಮನ ಸೈನ್ಯ ಡಚ್ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿತು. ಯುರೋಪಿನ ಶಕ್ತಿಯೊಂದನ್ನು ಭಾರತದ ದೊರೆಯೊಬ್ಬ ಹೀಗೆ ಮಣಿಸಿದ್ದು ಆ ಕಾಲದಲ್ಲಿ ಅಪರೂಪ. ಸೆರೆಸಿಕ್ಕವರಲ್ಲಿ ಯೂಸ್ಟಾಕಿಯಸ್ ಡಿ ಲನೊಯ್ ಎಂಬ ನಾಯಕನಿದ್ದ. ದೊರೆ ಅವನನ್ನು ಕೊಲ್ಲಿಸಲಿಲ್ಲ. ತನ್ನ ಸೈನ್ಯಕ್ಕೆ ಯುರೋಪಿನ ರೀತಿಯ ಕವಾಯತು ಕಲಿಸಲು ಇಟ್ಟುಕೊಂಡ. ಡಿ ಲನೊಯ್ ಉದಯಗಿರಿ ಕೋಟೆಯಲ್ಲಿ ನೆಲೆಸಿ, ತಿರುವಾಂಕೂರಿನ ದೊಡ್ಡ ಸೇನಾನಿಯಾಗಿ, 1777ರಲ್ಲಿ ಅಲ್ಲೇ ತೀರಿಕೊಂಡ. ಅವನ ಸಮಾಧಿ ಆ ಕೋಟೆಯ ಪಾಳುಬಿದ್ದ ಚರ್ಚಿನಲ್ಲಿ ಇಂದಿಗೂ ಇದೆ. ಕಲ್ಲಿನ ಮೇಲೆ ಲ್ಯಾಟಿನ್ ಮತ್ತು ತಮಿಳು ಬರಹವಿದೆ. ಅವನು ಕಥೋಲಿಕ. ನೀಲಕಂಠನ್ ಅವರಿಗೆ ಸ್ನೇಹಿತನಾದ.

ಆ ಹೊತ್ತಿನಲ್ಲಿ ನೀಲಕಂಠನ್ ಅವರ ಮನೆಯಲ್ಲಿ ಕಷ್ಟ ಕಾಲಿಟ್ಟಿತ್ತು. ದನಗಳು ಸತ್ತವು, ಬೆಳೆ ಹೋಯಿತು, ಒಂದರ ಮೇಲೊಂದು ನಷ್ಟ. ಮನಸ್ಸು ಕುಂದಿದ ಗೆಳೆಯನಿಗೆ ಡಿ ಲನೊಯ್ ಬೈಬಲಿನ ಯೋಬನ ಕಥೆ ಹೇಳಿದ. ಯೋಬ ನೀತಿವಂತ. ಆದರೂ ಅವನ ಕುರಿ ಒಂಟೆ ಎತ್ತುಗಳು ಹೋದವು, ಮಕ್ಕಳು ಸತ್ತರು, ಮೈತುಂಬ ಹುಣ್ಣಾಯಿತು. ನೀನು ಪಾಪ ಮಾಡಿರಬೇಕು, ಅದಕ್ಕೇ ಹೀಗಾಯಿತು ಎಂದು ಗೆಳೆಯರು ಅವನಿಗೇ ಬುದ್ಧಿ ಹೇಳಿದರು. ಯೋಬ ಒಪ್ಪಲಿಲ್ಲ, ದೇವರನ್ನು ಬಿಡಲೂ ಇಲ್ಲ. ಕಷ್ಟ ಬಂದವರ ಎದುರು ನಿಂತು ಇದು ನಿನ್ನ ಕರ್ಮದ ಫಲ ಎಂದು ಹೇಳುವ ಚಟ ಎಲ್ಲ ದೇಶಗಳಲ್ಲೂ ಇದೆ. ಅದಕ್ಕೆ ಎದುರಾಗಿ ನಿಂತ ಈ ಹಳೆಯ ಕಥೆ ನೀಲಕಂಠನ್ ಅವರನ್ನು ಹಿಡಿದಿಟ್ಟಿತು. ಮುಂದಿನ ಅವರ ಬದುಕನ್ನು ನೋಡಿದರೆ ಯೋಬನ ಕಥೆಯನ್ನು ಅವರು ಕಿವಿಯಿಂದ ಕೇಳಿ ಮೈಯಿಂದ ಕಲಿತರು ಎಂದು ನನಗೆ ಅನ್ನಿಸುತ್ತದೆ.

1745ರ ಮೇ 14ರಂದು ಅವರು ವಡಕ್ಕನ್‌ಕುಳಂ ಎಂಬ ಊರಿನಲ್ಲಿ ಯೇಸುಸಭೆಯ ಪಾದ್ರಿ ಜೊವಾನ್ನಿ ಬತ್ತಿಸ್ತಾ ಬುಟ್ಟಾರಿ ಅವರಿಂದ ಜ್ಞಾನಸ್ನಾನ ಪಡೆದರು. ಆಗ ಅವರಿಗೆ ಮೂವತ್ಮೂರು ವರ್ಷ. ಬೈಬಲಿನ ಲಾಜರನ ಹೆಸರನ್ನು ತಮಿಳಿನಲ್ಲಿ ದೇವಸಹಾಯಂ ಎಂದು ಇಟ್ಟರು. ಭಾರ್ಗವಿಯೂ ಕ್ರೈಸ್ತರಾಗಿ ತೆರೇಸಾ ಎಂಬ ಹೆಸರು ಪಡೆದರು. ಜನ ತಮಿಳಿನಲ್ಲಿ ಅವರನ್ನು ಜ್ಞಾನಪ್ಪೂ ಎಂದು ಕರೆದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಿರುವಾಂಕೂರಿನಲ್ಲಿ ಕ್ರೈಸ್ತರಾಗಿರುವುದೇ ಅಪರಾಧವಾಗಿತ್ತೇ? ಇಲ್ಲ. ಕಡಲ ದಂಡೆಯ ಮೀನುಗಾರರು ಸಂತ ಫ್ರಾನ್ಸಿಸ್ ಝೇವಿಯರ್ ಅವರ ಕಾಲದಿಂದ, ಅಂದರೆ 16ನೆಯ ಶತಮಾನದಿಂದ ಕ್ರೈಸ್ತರಾಗಿದ್ದರು. ಡಿ ಲನೊಯ್ ಕಥೋಲಿಕನಾಗಿದ್ದುಕೊಂಡೇ ಸೇನಾನಿಯಾದ. ಹಾಗಿದ್ದರೆ ದೇವಸಹಾಯಂ ಮಾಡಿದ ತಪ್ಪೇನು? ಅವರು ಜಾತಿಯ ಗೆರೆ ದಾಟಿದರು. ಮೇಲುಜಾತಿಯ, ಅರಮನೆಯ ಆಸ್ಥಾನದ ಮನುಷ್ಯ ಮೀನುಗಾರರ ಜೊತೆ, ಕೆಳಗಿನವರೆಂದು ದೂರ ಇಟ್ಟವರ ಜೊತೆ ಕೂತರು, ಉಂಡರು, ದೇವರ ಮುಂದೆ ಎಲ್ಲರೂ ಸಮ ಎಂದು ಬಾಯಿಬಿಟ್ಟು ಹೇಳಿದರು. ಇಂಥಿಂಥ ಜಾತಿಯವರು ಇಷ್ಟಿಷ್ಟು ಹೆಜ್ಜೆ ದೂರ ನಿಲ್ಲಬೇಕು ಎಂದು ಅಳತೆ ಇಟ್ಟಿದ್ದ ನಾಡು ಅದು. ಆ ನಾಡಿನ ದೇವಸ್ಥಾನಗಳ ಬಾಗಿಲು ಎಲ್ಲ ಹಿಂದೂಗಳಿಗೆ ತೆರೆದದ್ದು 1936ರ ನವೆಂಬರ್ 12ರಂದು, ದೇವಸಹಾಯಂ ತೀರಿಕೊಂಡು 184 ವರ್ಷಗಳಾದ ಮೇಲೆ. ಪರದೇಶಿ ಡಿ ಲನೊಯ್ ಯಾರ ಜೊತೆ ಉಂಡರೂ ಆ ವ್ಯವಸ್ಥೆಗೆ ಧಕ್ಕೆಯಿಲ್ಲ. ಒಳಗಿನವರು, ತಮ್ಮವರು ಹಾಗೆ ಮಾಡಿದಾಗ ಅದು ನಡುಗಿತು. ಕಲ್ಯಾಣದಲ್ಲಿ ಆದದ್ದೂ ಇದೇ. ಹರಳಯ್ಯ ಸಮಗಾರನಾಗಿಯೇ ಇದ್ದು ಶಿವಪೂಜೆ ಮಾಡಿಕೊಂಡಿದ್ದರೆ ಅರಸನಿಗೆ ತೊಂದರೆ ಇರಲಿಲ್ಲ. ಮಧುವರಸನ ಮಗಳು ಅವನ ಮನೆಯ ಸೊಸೆಯಾದಾಗ ಆನೆಯನ್ನು ತಂದರು.

ರೋಮಿನ ಧರ್ಮಪೀಠ ಅವರ ಕುರಿತು ಹೊರಡಿಸಿದ ಪರಿಚಯದಲ್ಲೂ ಜಾತಿಭೇದ ಬಿಟ್ಟು ಎಲ್ಲರೂ ಸಮಾನರೆಂದು ಸಾರಿದ್ದೇ ಮೇಲ್ವರ್ಗದವರ ದ್ವೇಷಕ್ಕೆ ಕಾರಣವಾಯಿತು ಎಂಬ ಮಾತಿದೆ.

ಅರಮನೆಯಲ್ಲಿ ಅವರ ವಿರುದ್ಧ ದೂರು ಹೋಯಿತು. ರಾಜದ್ರೋಹ, ರಾಜ್ಯದ ಗುಟ್ಟುಗಳನ್ನು ಪರದೇಶಿಗಳಿಗೆ ಹೇಳಿದ ಆರೋಪ. 1749ರ ಫೆಬ್ರವರಿ 23ರಂದು ಅವರನ್ನು ಹಿಡಿದರು. ಅಲ್ಲಿಂದ ಸುಮಾರು ಮೂರು ವರ್ಷ ಅವರು ಅನುಭವಿಸಿದ್ದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಆದರೂ ಹೇಳಬೇಕು. ಕೊರಳಿಗೆ ಎಕ್ಕದ ಹೂವಿನ ಹಾರ ಹಾಕಿ, ಎಮ್ಮೆಯ ಮೇಲೆ ಹಿಂದುಮುಂದಾಗಿ ಕೂರಿಸಿ, ಊರೂರು ಮೆರೆಸಿದರು. ಬೆತ್ತದಿಂದ ಹೊಡೆದರು, ಹುಣ್ಣಿಗೆ ಖಾರದ ಪುಡಿ ಸವರಿ ಬಿಸಿಲಿಗೆ ನಿಲ್ಲಿಸಿದರು, ಕುಡಿಯಲು ಕೊಳೆತ ನೀರು ಕೊಟ್ಟರು. ನೋಡಿದವರೆಲ್ಲ ಹೆದರಲಿ, ಬೇರೆ ಯಾರೂ ಹೀಗೆ ಮಾಡದಿರಲಿ ಎಂಬುದೇ ಆ ಮೆರವಣಿಗೆಯ ಉದ್ದೇಶ. ಆದದ್ದು ಬೇರೆ. ಪೆರುವಿಳೈ ಎಂಬಲ್ಲಿ ಅವರನ್ನು ಬೇವಿನ ಮರಕ್ಕೆ ಕಟ್ಟಿಹಾಕಿದ್ದಾಗ ಜನ ಗುಂಪುಗುಂಪಾಗಿ ಬಂದು ನೋಡತೊಡಗಿದರು. ಕಾಯಿಲೆಯವರು ಬಂದರು, ಮಕ್ಕಳಿಲ್ಲದವರು ಬಂದರು, ಕಷ್ಟ ಹೇಳಿಕೊಂಡು ಪ್ರಾರ್ಥನೆ ಮಾಡಿರೆಂದು ಕೇಳಿದರು. ಬದುಕಿರುವಾಗಲೇ, ಸಂಕೋಲೆಯಲ್ಲಿರುವಾಗಲೇ ಜನರು ಅವರನ್ನು ಸಂತರೆಂದು ನಂಬಿಬಿಟ್ಟಿದ್ದರು. ರೋಮು ಆ ನಂಬಿಕೆಗೆ ಮುದ್ರೆ ಒತ್ತಿದ್ದು ಎಷ್ಟೋ ಕಾಲದ ಮೇಲೆ.

ಪುಲಿಯೂರ್‌ಕುರಿಚ್ಚಿ ಎಂಬ ಊರಿನ ಬಂಡೆಯ ಕಥೆ ಅಲ್ಲಿನ ಎಲ್ಲರಿಗೂ ಗೊತ್ತು. ಬಾಯಾರಿ ಬಳಲಿದ ದೇವಸಹಾಯಂ ಮೊಣಕಾಲೂರಿ ಪ್ರಾರ್ಥಿಸಿ ಬಂಡೆಗೆ ಗುದ್ದಿದಾಗ ನೀರು ಚಿಮ್ಮಿತಂತೆ. ಇಂದಿಗೂ ಅಲ್ಲಿ ಒರತೆಯಿದೆ. ಯಾತ್ರಿಕರು ನೀರು ತುಂಬಿಕೊಂಡು ಹೋಗುತ್ತಾರೆ. ಬಸವಾದಿ ಶರಣರ ಗವಿಗಳಲ್ಲಿ, ದರ್ಗಾಗಳ ಬಾವಿಗಳಲ್ಲಿ, ನಾನಕ್ ಝೀರಾದ ಒರತೆಯಲ್ಲಿ ನೀರಿನ ಮಹಿಮೆ ಕಂಡುಂಡ ನಮಗೆ ಈ ಭಕ್ತಿಯನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಕೊನೆಗೆ ಅವರನ್ನು ರಾಜ್ಯದ ಗಡಿಯ ಕಡೆಗೆ, ಆರಲ್ವಾಯ್‌ಮೊಳಿಯ ಕಾಡಿಗೆ ಅಟ್ಟಿದರು. ಅಲ್ಲಿಯೂ ಜನ ಹುಡುಕಿಕೊಂಡು ಬರತೊಡಗಿದರು. ಜ್ಞಾನಪ್ಪೂ ಅವರಿಗೆ ವಡಕ್ಕನ್‌ಕುಳಂಗೆ ಹೋಗಿ ಇರೆಂದು ದೇವಸಹಾಯಂ ಹೇಳಿದ್ದರು. ಆಕೆ ಅಲ್ಲಿಯೇ ಬಾಳಿ ಅಲ್ಲಿಯೇ ಮಣ್ಣಾದರು. ಆ ತಾಯಿಯ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ. ಗಂಡನ ಹೆಸರು ರೋಮಿನವರೆಗೆ ಹೋಯಿತು. ಸ್ವಂತದ ಮನೆ, ಬಂಧುಬಳಗ, ಊರು ಎಲ್ಲ ಬಿಟ್ಟು ಪರಊರಿನಲ್ಲಿ ವಿಧವೆಯಾಗಿ ಉಳಿದ ಆಕೆಯ ತಾಳ್ಮೆಯೂ ಸಣ್ಣದಲ್ಲ. ಅವರಿಬ್ಬರನ್ನು ಜೊತೆಯಲ್ಲಿಯೇ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ.

1752ರ ಜನವರಿ 14ರಂದು ಸೈನಿಕರು ಅವರನ್ನು ಕಾಟ್ಟಾಡಿಮಲೈ ಗುಡ್ಡಕ್ಕೆ ಕರೆದೊಯ್ದರು. ಪ್ರಾರ್ಥನೆಗೆ ಬಿಡುವು ಕೇಳಿದ ದೇವಸಹಾಯಂ ಬಂಡೆಯ ಮೇಲೆ ಮೊಣಕಾಲೂರಿದರು. ಆಮೇಲೆ ಗುಂಡು ಹಾರಿಸಿದರು. ದೇಹವನ್ನು ಕಾಡಿಗೆ ಎಸೆದರು. ಕೆಲವು ದಿನಗಳ ಮೇಲೆ ಕ್ರೈಸ್ತರು ಉಳಿದ ಮೂಳೆಗಳನ್ನು ಆಯ್ದು ತಂದು ನಾಗರಕೋಯಿಲಿನ ಕೋಟ್ಟಾರಿನಲ್ಲಿ, ಸಂತ ಫ್ರಾನ್ಸಿಸ್ ಝೇವಿಯರರ ಚರ್ಚಿನ ಬಲಿಪೀಠದ ಮುಂದೆ ಹೂಳಿದರು. ಆ ಚರ್ಚು ಈಗ ಕೋಟ್ಟಾರ್ ಧರ್ಮಕ್ಷೇತ್ರದ ಪ್ರಧಾನಾಲಯ. ಗುಂಡು ಹಾರಿದ ಹೊತ್ತಿಗೆ ಗುಡ್ಡದ ಬಂಡೆಯೊಂದು ಒಡೆದು ಬಿದ್ದು ಗಂಟೆಯ ಹಾಗೆ ಸದ್ದು ಮಾಡಿತೆಂದು ಜನ ನಂಬುತ್ತಾರೆ. ಬಡಿದರೆ ಆ ಕಲ್ಲು ಈಗಲೂ ಗಂಟೆಯಂತೆ ಮೊಳಗುತ್ತದೆ.

ಕೇರಳದ ಕೆಲವು ಇತಿಹಾಸಕಾರರು ಈ ಕಥೆಯನ್ನು ಹೀಗೆ ಒಪ್ಪುವುದಿಲ್ಲ. ಮಾರ್ತಾಂಡವರ್ಮ ಕ್ರೈಸ್ತರನ್ನು ಹಿಂಸಿಸಿದವನಲ್ಲ, ದೇವಸಹಾಯಂ ಅವರಿಗೆ ಶಿಕ್ಷೆಯಾದದ್ದು ರಾಜದ್ರೋಹಕ್ಕೆ ಎಂದು ಅವರು ವಾದಿಸುತ್ತಾರೆ. ಆ ವಾದವನ್ನು ಬದಿಗೆ ತಳ್ಳಿ ಮುಂದೆ ಹೋಗುವುದು ನ್ಯಾಯವಲ್ಲ. ಆದರೆ ಒಂದು ದಿನಾಂಕವನ್ನು ಗಮನಿಸಬೇಕು. 1750ರ ಜನವರಿಯಲ್ಲಿ, ದೇವಸಹಾಯಂ ಸೆರೆಯಲ್ಲಿದ್ದಾಗಲೇ, ಮಾರ್ತಾಂಡವರ್ಮ ತನ್ನ ಇಡೀ ರಾಜ್ಯವನ್ನು ಶ್ರೀ ಪದ್ಮನಾಭಸ್ವಾಮಿಗೆ ಅರ್ಪಿಸಿ, ತಾನು ಪದ್ಮನಾಭದಾಸನಾಗಿ ಆಳುತ್ತೇನೆಂದು ಸಾರಿದ. ರಾಜ್ಯವೇ ದೇವರ ಸ್ವತ್ತಾದಾಗ ದೇವರನ್ನು ಬಿಟ್ಟ ನೌಕರ ರಾಜ್ಯವನ್ನೂ ಬಿಟ್ಟವನೆಂದೇ ಲೆಕ್ಕ. ಧರ್ಮ ಬೇರೆ, ರಾಜನಿಷ್ಠೆ ಬೇರೆ ಎಂದು ಬಿಡಿಸಿ ನೋಡುವುದು ನಮ್ಮ ಕಾಲದ ಅಭ್ಯಾಸ. ಆ ಅರಮನೆಯಲ್ಲಿ ಎರಡೂ ಒಂದೇ ನೂಲಿನಲ್ಲಿ ನೇಯ್ದಿದ್ದವು. ಕಾಗದದ ಮೇಲೆ ಅಪರಾಧದ ಹೆಸರು ಏನೇ ಇರಲಿ, ತಮ್ಮ ವಿಶ್ವಾಸವನ್ನು ಬಿಟ್ಟುಕೊಟ್ಟಿದ್ದರೆ ಅವರು ಜೀವಂತ ಉಳಿಯುತ್ತಿದ್ದರು ಎಂಬುದು ನಾನು ಮನಗಂಡ ಮಾತು. ಅವರು ಬಿಟ್ಟುಕೊಡಲಿಲ್ಲ. ರಕ್ತಸಾಕ್ಷಿ ಎಂದು ಕರೆಯಲು ಇಷ್ಟು ಸಾಕು.

ಸಂತ ಪದವಿಯ ದಾರಿ ಬಹಳ ಉದ್ದವಾಯಿತು. ಅವರು ಸತ್ತು ನಾಲ್ಕೇ ವರ್ಷಕ್ಕೆ, 1756ರಲ್ಲಿ, ಕೊಚ್ಚಿಯ ಧರ್ಮಾಧ್ಯಕ್ಷರು ರೋಮಿಗೆ ಇವರ ವಿಷಯ ಬರೆದು ಕಳಿಸಿದ್ದರು. ಆಮೇಲೆ ಶತಮಾನಗಳು ಉರುಳಿದವು. ಭಕ್ತಿ ಮಾತ್ರ ನಿಲ್ಲಲಿಲ್ಲ. ಸಮಾಧಿಗೆ ಹೂವು ಬರುತ್ತಲೇ ಇತ್ತು. ಅವರ ಕಥೆ ತಮಿಳಿನ ಹಾಡಾಯಿತು, ಆಟವಾಯಿತು. 2004ರಲ್ಲಿ ತಮಿಳುನಾಡಿನ ಧರ್ಮಾಧ್ಯಕ್ಷರ ಮಂಡಳಿ ಕೈಹಾಕಿದ ಮೇಲೆ ಕೆಲಸ ಚುರುಕಾಯಿತು. 2012ರ ಜೂನಿನಲ್ಲಿ ಪೋಪ್ 16ನೆಯ ಬೆನೆಡಿಕ್ಟ್ ಅವರು ಇದು ರಕ್ತಸಾಕ್ಷಿಯ ಮರಣ ಎಂದು ಒಪ್ಪಿದರು. ಅದೇ ವರ್ಷ ಡಿಸೆಂಬರ್ 2ರಂದು ನಾಗರಕೋಯಿಲಿನಲ್ಲಿ ಕಾರ್ಡಿನಲ್ ಆಂಜೆಲೊ ಅಮಾತೊ ಅವರು ದೇವಸಹಾಯಂ ಅವರನ್ನು ಪುನೀತರೆಂದು, ಅಂದರೆ ಸಂತ ಪದವಿಗೆ ಹಿಂದಿನ ಮೆಟ್ಟಿಲಿನವರೆಂದು, ಘೋಷಿಸಿದರು. ಗರ್ಭದಲ್ಲಿ ಮಿಡಿತ ನಿಂತ ಕೂಸು ಅವರ ಹೆಸರಿನಲ್ಲಿ ಮಾಡಿದ ಪ್ರಾರ್ಥನೆಯಿಂದ ಉಳಿಯಿತು ಎಂಬ ಪವಾಡವನ್ನು 2020ರಲ್ಲಿ ಪೋಪ್ ಫ್ರಾನ್ಸಿಸ್ ಅಂಗೀಕರಿಸಿದರು. ಕೋವಿಡ್ ಕಾರಣ ತಡವಾಗಿ, 2022ರಲ್ಲಿ ಇನ್ನೂ ಒಂಬತ್ತು ಜನರೊಂದಿಗೆ ಅವರು ಸಂತರಾದರು. ಅಂದು ರೋಮಿನಲ್ಲಿ ತಮಿಳುನಾಡಿನ ಮಂತ್ರಿಗಳಿದ್ದರು, ತಮಿಳಿನ ನಾಡಗೀತೆಯೂ ಮೊಳಗಿತು. 2025ರಲ್ಲಿ ಅವರನ್ನು ಭಾರತದ ಶ್ರೀಸಾಮಾನ್ಯ ವಿಶ್ವಾಸಿಗಳ ಪಾಲಕ ಸಂತರೆಂದು ಸಾರಲಾಯಿತು.

ಶ್ರೀಸಾಮಾನ್ಯ ವಿಶ್ವಾಸಿ ಎಂದರೆ ಗುರುದೀಕ್ಷೆಯಾಗಲಿ, ಸನ್ಯಾಸದ ವ್ರತವಾಗಲಿ ಇಲ್ಲದೆ ಸಂಸಾರದಲ್ಲಿ ಇದ್ದುಕೊಂಡು ಧರ್ಮ ಪಾಲಿಸುವವರು. ಇವರು ಸಂತರ ಪಟ್ಟಿಗೆ ಸೇರುವುದು ಎಷ್ಟು ಕಷ್ಟ ಎಂಬುದಕ್ಕೆ ಗೋವೆಯ ಕುಂಕಳ್ಳಿಯ ಉದಾಹರಣೆ ಇದೆ. 1583ರಲ್ಲಿ ಅಲ್ಲಿ ಯೇಸುಸಭೆಯ ಐವರು ಕೊಲೆಯಾದರು. ಅವರ ಜೊತೆಗೆ ಬಂದಿದ್ದ ಗೃಹಸ್ಥ ಕ್ರೈಸ್ತರೂ ಸತ್ತರು. 1893ರಲ್ಲಿ ಆ ಐವರಿಗೆ ಪುನೀತ ಪದವಿ ಸಿಕ್ಕಿತು. ಜೊತೆಗೆ ಸತ್ತ ಗೃಹಸ್ಥರು ಪಟ್ಟಿಯಿಂದ ಹೊರಗೇ ಉಳಿದರು. ಭಾರತಕ್ಕೆ ಸೇರಿದವರಲ್ಲಿ 2008ರಲ್ಲಿ ಅಲ್ಫೋನ್ಸಾ, 2014ರಲ್ಲಿ ಚಾವರ ಮತ್ತು ಯೂಫ್ರೇಸಿಯಾ, 2015ರಲ್ಲಿ ನಮ್ಮ ಕೆನರಾ ಕರಾವಳಿಯಲ್ಲಿ ದುಡಿದ ಜೋಸೆಫ್ ವಾಜ್, 2016ರಲ್ಲಿ ಮದರ್ ತೆರೇಸಾ, 2019ರಲ್ಲಿ ಮರಿಯಂ ತ್ರೇಸ್ಯಾ ಸಂತರಾದರು. ಎಲ್ಲರೂ ಪೂಜ್ಯರೇ. ಆದರೆ ಒಬ್ಬೊಬ್ಬರೂ ಪಾದ್ರಿ ಇಲ್ಲವೇ ಧರ್ಮಭಗಿನಿ. ಹೊಲ, ಮನೆ, ಹೆಂಡತಿ, ಮೇಲಧಿಕಾರಿ ಇವುಗಳ ನಡುವೆ ಬಾಳಿ ಅಲ್ಲಿಂದಲೇ ಎದ್ದು ನಿಂತವರಿಗೆ 2022ರವರೆಗೆ ಕಾಯಬೇಕಾಯಿತು. ಕಾಯಕದಲ್ಲಿದ್ದುಕೊಂಡೇ ಕೈಲಾಸ ಕಾಣಬಹುದು ಎಂದು ಎಂಟು ಶತಮಾನಗಳ ಹಿಂದೆಯೇ ಕೇಳಿದ ಕಲ್ಯಾಣದ ನೆಲದವರಿಗೆ ಇದು ತಡವಾಗಿ ಬಂದ ಮನ್ನಣೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ದೇವಸಹಾಯಂ ಅವರ ಹೆಸರಿನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬಹುಕಾಲ ಅವರನ್ನು ದೇವಸಹಾಯಂ ಪಿಳ್ಳೈ ಎಂದೇ ಬರೆಯುತ್ತಿದ್ದರು. ಪಿಳ್ಳೈ ಜಾತಿಯ ಬಿರುದು. ಜಾತಿ ಬಿಟ್ಟದ್ದಕ್ಕೆ ಜೀವ ತೆತ್ತವರ ಹೆಸರಿಗೆ ಜಾತಿಯನ್ನೇ ಅಂಟಿಸುವುದು ಸರಿಯಲ್ಲ ಎಂದು ಇಬ್ಬರು ನಿವೃತ್ತ ಐಎಎಸ್ ಅಧಿಕಾರಿಗಳು 2017ರಲ್ಲಿ ರೋಮಿಗೆ ಪತ್ರ ಬರೆದರು. ಅವರ ಮಾತಿಗೆ ಬೆಲೆ ಸಿಕ್ಕಿತು. ಸಂತ ಪದವಿಯ ಹೊತ್ತಿಗೆ ಪಿಳ್ಳೈ ಹೋಗಿ, ಪುನೀತ ದೇವಸಹಾಯಂ ಎಂದಷ್ಟೇ ಉಳಿಯಿತು. ಆ ಪತ್ರ ಬರೆದವರೂ ಗೃಹಸ್ಥರೇ ಎಂಬುದು ನನಗೆ ಹೆಮ್ಮೆಯ ವಿಷಯ.

ಹೆಸರಿನಿಂದ ಜಾತಿ ತೆಗೆಯುವುದು ಸುಲಭ, ಮನೆಯಿಂದ ತೆಗೆಯುವುದು ಕಷ್ಟ. ದೇವಸಹಾಯಂ ಜ್ಞಾನಸ್ನಾನ ಪಡೆದ ವಡಕ್ಕನ್‌ಕುಳಂನಲ್ಲಿಯೇ 19ನೆಯ ಶತಮಾನದಲ್ಲಿ ಚರ್ಚಿಗೆ ಎರಡು ಪಡಸಾಲೆ ಕಟ್ಟಿದರು. ಒಂದರಲ್ಲಿ ವೆಳ್ಳಾಲರು, ಇನ್ನೊಂದರಲ್ಲಿ ನಾಡಾರರು, ನಡುವೆ ಗೋಡೆ. ಎರಡೂ ಕಡೆಯವರಿಗೆ ಕಾಣುವಂತೆ ಎದುರಿಗೆ ಒಂದೇ ಬಲಿಪೀಠ. ಒಬ್ಬನೇ ದೇವರ ಒಂದೇ ಪೂಜೆಯನ್ನು ಒಬ್ಬರ ಮುಖ ಒಬ್ಬರು ನೋಡದೆ ಮಾಡಲು ಮಾಡಿಕೊಂಡ ಏರ್ಪಾಡು. ಆ ಗೋಡೆಯನ್ನು ಕೆಡವಲು 20ನೆಯ ಶತಮಾನದ ಮೊದಲ ದಶಕ ಕಳೆಯಬೇಕಾಯಿತು. ಕೆಡವಿದಾಗ ದೊಡ್ಡ ಗಲಾಟೆಯಾಯಿತು, ವ್ಯಾಜ್ಯ ನಡೆಯಿತು. ರಕ್ತಸಾಕ್ಷಿಯ ಊರಿನಲ್ಲಿಯೇ ಹೀಗಾದರೆ ಉಳಿದ ಕಡೆ ಹೇಳುವುದೇನು? ಕ್ರೈಸ್ತರಲ್ಲಿ ಜಾತಿಯಿಲ್ಲ ಎಂದು ಹೇಳಿ ಸುಮ್ಮನಾಗುವವರು ಈ ಗೋಡೆಯನ್ನು ಮರೆಯಬಾರದು.

ನಮ್ಮ ಜಿಲ್ಲೆಯ ಮಾತಿಗೆ ಬರೋಣ. ಬೀದರಿನ ಕ್ರೈಸ್ತರಲ್ಲಿ ಮೆಥೋಡಿಸ್ಟರೇ ಹೆಚ್ಚು. ನಗರದ ಮಂಗಲಪೇಟೆ, ಭಾಲ್ಕಿ, ಹುಮನಾಬಾದ, ಔರಾದ ಕಡೆಯ ಹಳ್ಳಿಗಳಲ್ಲಿ ಅವರ ಚರ್ಚುಗಳಿವೆ. ಕಥೋಲಿಕರು ಕಡಿಮೆ. ಬೀದರ ಜಿಲ್ಲೆ 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಕ್ಷೇತ್ರಕ್ಕೆ ಸೇರುತ್ತದೆ. ಮೆಥೋಡಿಸ್ಟರು ಸಂತರಿಗೆ ಬೇಡಿಕೊಳ್ಳುವ ಪದ್ಧತಿಯವರಲ್ಲ. ಅವರ ಪ್ರಾರ್ಥನೆ ನೇರ ದೇವರಿಗೆ. ಕಥೋಲಿಕರೂ ಸಂತರನ್ನು ದೇವರೆಂದು ಪೂಜಿಸುವುದಿಲ್ಲ. ನಮಗಾಗಿ ದೇವರಲ್ಲಿ ಬೇಡಿರಿ ಎಂದು ಕೇಳಿಕೊಳ್ಳುತ್ತಾರೆ. ಈ ಭೇದವನ್ನು ಹಿಡಿದು ಯಾರೂ ಜಗಳವಾಡಬೇಕಿಲ್ಲ. ದೇವಸಹಾಯಂ ಅವರ ಬದುಕು ಮೆಥೋಡಿಸ್ಟರಿಗೂ ಓದುವಂಥದ್ದೇ.

ಈ ಸೀಮೆಯ ಹೆಚ್ಚಿನ ಕ್ರೈಸ್ತ ಮನೆತನಗಳು ದಲಿತರ ಓಣಿಗಳಿಂದ ಬಂದವು. ಊರಿನ ಬಾವಿಯಿಂದ ದೂರ ಇಟ್ಟವರ ಮೊಮ್ಮಕ್ಕಳು ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತರು, ಆಸ್ಪತ್ರೆಯಲ್ಲಿ ನರ್ಸುಗಳಾದರು, ಮೇಷ್ಟ್ರಾದರು. ಆದರೆ 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ, ಆಮೇಲೆ 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ. ಕ್ರೈಸ್ತನೆಂದು ಬರೆಸಿದವನಿಗೆ ಇಲ್ಲ. ಊರು ಅವನನ್ನು ಜಾತಿಯಿಂದಲೇ ಗುರುತಿಸುತ್ತದೆ, ಕಾಗದ ಮಾತ್ರ ಗುರುತಿಸುವುದಿಲ್ಲ. ತಹಶೀಲ್ದಾರ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ಹುಡುಗನಿಗೆ ವಿಶ್ವಾಸ ಒಂದು ಕಡೆ, ವಿದ್ಯಾರ್ಥಿವೇತನ ಒಂದು ಕಡೆ ಎಳೆಯುತ್ತವೆ. ಆ ಹುಡುಗನ ಸಂಕಟ ದೊಡ್ಡದು. ಅವನ ಮೇಲೆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ. ದೇವಸಹಾಯಂ ಅವರನ್ನು ನೆನೆಯುವವರು ಅವನ ಪಕ್ಕದಲ್ಲಿ ನಿಲ್ಲಬೇಕು, ಅವನಿಗಾಗಿ ದನಿ ಎತ್ತಬೇಕು.

ಬೀದರದವರಿಗೆ ಒಂದು ಶಕ್ತಿ ಇದೆ. ಅದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಗೆ ಮುಸ್ಲಿಮರು ವಲಿಯೆಂದು, ಲಿಂಗಾಯತರು ಅಲ್ಲಮಪ್ರಭುವೆಂದು ನಡೆದುಕೊಳ್ಳುತ್ತಾರೆ. ವರ್ಷದ ಜಾತ್ರೆಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಬೇರೆಯವರ ನಂಬಿಕೆಯನ್ನು ಕೇಳುವ ಕಿವಿ ಈ ಜನರಿಗೆ ಇದೆ ಎಂಬ ಧೈರ್ಯದಿಂದಲೇ ನಾನು ಕನ್ಯಾಕುಮಾರಿಯ ಈ ಕಥೆಯನ್ನು ಇಲ್ಲಿ ಹೇಳಿದೆ. ಇದು ಯಾರನ್ನೂ ಮತಕ್ಕೆ ಕರೆಯುವ ಮಾತಲ್ಲ. ಒಟ್ಟಿಗೆ ಕೂತು ಉಂಡದ್ದಕ್ಕೆ ಸತ್ತ ಮನುಷ್ಯನೊಬ್ಬನನ್ನು ಪರಿಚಯ ಮಾಡಿಕೊಡುವ ಮಾತು.

ಬೀದರ, ಭಾಲ್ಕಿ, ಔರಾದದ ಕಥೋಲಿಕ ಬಂಧುಗಳಲ್ಲಿ ನನ್ನ ಕೋರಿ‌ಕೆ ಇಷ್ಟೇ. ಜನವರಿ 14ರಂದು ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಒಂದೇ ಪಂಕ್ತಿಯ ಊಟ ಇಡಿ. ಮೆಥೋಡಿಸ್ಟ್ ನೆಂಟರನ್ನು, ಓಣಿಯ ಶರಣರನ್ನು, ಮುಸ್ಲಿಮರನ್ನು ಕರೆಯಿರಿ. ಮಕ್ಕಳಿಗೆ ಹರಳಯ್ಯನವರ ಕಥೆ, ಸಾಹಿಬ್ ಸಿಂಗರ ಕಥೆ, ದೇವಸಹಾಯಂ ಅವರ ಕಥೆ ಮೂರನ್ನೂ ಹೇಳಿ.

ಕನ್ಯಾಕುಮಾರಿಗೆ ಪ್ರವಾಸ ಹೋಗುವವರು ನಮ್ಮಲ್ಲಿ ಬಹಳ. ವಿವೇಕಾನಂದ ಬಂಡೆ ನೋಡಿ, ಸೂರ್ಯೋದಯ ನೋಡಿ ಮರಳುತ್ತಾರೆ. ಮುಂದಿನ ಸಲ ಹೋದಾಗ ಒಂದು ದಿನ ಹೆಚ್ಚಿಗೆ ಉಳಿಯಿರಿ. ಕನ್ಯಾಕುಮಾರಿಯಿಂದ ಸುಮಾರು 20 ಕಿಲೋಮೀಟರು ದೂರದ ನಾಗರಕೋಯಿಲಿನಲ್ಲಿ ಕೋಟ್ಟಾರ್ ಪ್ರಧಾನಾಲಯದ ಸಮಾಧಿ ಇದೆ. ತಿರುವನಂತಪುರದ ರಸ್ತೆಯಲ್ಲಿ ಪದ್ಮನಾಭಪುರಂ ಅರಮನೆ, ಉದಯಗಿರಿ ಕೋಟೆ, ಪುಲಿಯೂರ್‌ಕುರಿಚ್ಚಿಯ ಒರತೆ ಹತ್ತಿರ ಹತ್ತಿರವೇ ಸಿಗುತ್ತವೆ. ತಿರುನೆಲ್ವೇಲಿಯ ರಸ್ತೆ ಹಿಡಿದರೆ ಗಾಳಿಗಿರಣಿಗಳ ಸಾಲಿನ ಬಳಿ ಆರಲ್ವಾಯ್‌ಮೊಳಿ, ಅದರ ಪಕ್ಕದಲ್ಲಿ ಆ ಗುಡ್ಡ. ಮೆಟ್ಟಿಲುಗಳಿವೆ, ವಯಸ್ಸಾದವರೂ ನಿಧಾನವಾಗಿ ಹತ್ತಬಹುದು. ಹೋಗಿ ಬನ್ನಿ.